ಆಯಿಲ್‌ಫ್ರೀ ಏರ್ ಕಂಪ್ರೆಸರ್‌ನ ಆರೈಕೆ: ಎಣ್ಣೆ ಎಲ್ಲಿ ಬೇಕು, ಎಲ್ಲಿ ಕೂಡದು

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿರುವುದರಿಂದ ಹಲ್ಲಿನ ಕ್ಲಿನಿಕ್‌ಗಳಿಗೆ ಕೊರತೆಯಿಲ್ಲ. ಕ್ಲಿನಿಕ್ ಇದ್ದಲ್ಲೆಲ್ಲ ಮೆಟ್ಟಿಲ ಕೆಳಗೋ ಹಿಂಬದಿಯ ಬಾಲ್ಕನಿಯಲ್ಲೋ ಒಂದು ಸಣ್ಣ ಆಯಿಲ್‌ಫ್ರೀ ಕಂಪ್ರೆಸರ್, ಅಂದರೆ ಪಂಪಿಗೆ ಎಣ್ಣೆ ಹಾಕದೆ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ, ಇದ್ದೇ ಇರುತ್ತದೆ. ಮರಕ್ಕೆ ಪಾಲಿಶ್ ಹೊಡೆಯುವವರೂ ಮೊಬೈಲ್ ರಿಪೇರಿ ಅಂಗಡಿಯವರೂ ಈಗ ಇದನ್ನೇ ಕೊಳ್ಳುತ್ತಿದ್ದಾರೆ. ರಿಪೇರಿಗೆಂದು ನನ್ನ ಮೇಜಿಗೆ ಬರುವ ಇಂಥ ಯಂತ್ರಗಳಲ್ಲಿ ದುಡಿದು ಸವೆದವು ಕೆಲವಾದರೆ, ಮಾಲೀಕರ ಅತಿ ಕಾಳಜಿಯಿಂದ ಕೆಟ್ಟವು ಅದಕ್ಕಿಂತ ಹೆಚ್ಚು. "ಸೌಂಡ್ ಜಾಸ್ತಿ ಆಯ್ತು ಅಂತ ಎರಡು ಹನಿ ಎಣ್ಣೆ ಬಿಟ್ಟೆ ಅಣ್ಣ, ಆಮೇಲೆ ಗಾಳಿನೇ ಹಿಡೀತಿಲ್ಲ" ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಲಿಯುವ ಕಾಲದಲ್ಲಿ ನಾನೂ ಒಂದು ಯಂತ್ರಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ಅದರ ವಾಷರ್ ಹಾಳುಮಾಡಿದವನೇ ಆದ್ದರಿಂದ ಯಾರನ್ನೂ ಬೈಯುವ ಹಕ್ಕು ನನಗಿಲ್ಲ.

ಮೊದಲು ನಿಮ್ಮ ಯಂತ್ರ ಯಾವ ಬಗೆಯದು ಎಂದು ಖಚಿತಪಡಿಸಿಕೊಳ್ಳಿ. ಪಂಪಿನ ಬುಡದಲ್ಲಿ ಎಣ್ಣೆಯ ಮಟ್ಟ ತೋರಿಸುವ ಗಾಜಿನ ಕಣ್ಣು, ಎಣ್ಣೆ ತುಂಬುವ ಮುಚ್ಚಳ ಅಥವಾ ಅಳತೆ ಕಡ್ಡಿ ಇದ್ದರೆ ಅದು ಎಣ್ಣೆ ಬೇಡುವ ಕಂಪ್ರೆಸರ್. ಅದಕ್ಕೆ ಎಣ್ಣೆ ಹಾಕದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇವು ಯಾವುವೂ ಇಲ್ಲದೆ, ಮಧ್ಯೆ ಮೋಟಾರ್, ಅದರ ಎರಡೂ ತುದಿಗೆ ಒಂದೊಂದು ಹೆಡ್ (ಪಂಪಿನ ಸಿಲಿಂಡರಿನ ತಲೆಭಾಗ) ಇದ್ದರೆ ಅದು ಬಹುತೇಕ ಆಯಿಲ್‌ಫ್ರೀ. ಈ ಲೇಖನದಲ್ಲಿ ಹೇಳುವುದೆಲ್ಲ ಈ ಎರಡನೆಯ ಬಗೆಗೆ ಮಾತ್ರ ಅನ್ವಯಿಸುತ್ತದೆ.

ಎಣ್ಣೆಯಿಲ್ಲದೆ ಅದು ಸವೆಯದೆ ಹೇಗೆ ಓಡುತ್ತದೆ

ಆಯಿಲ್‌ಫ್ರೀ ಎಂದರೆ ಜಾರುವಿಕೆಗೆ ಏನೂ ಇಲ್ಲ ಎಂದು ಅರ್ಥವಲ್ಲ. ಇಂಥ ಯಂತ್ರದ ಪಿಸ್ಟನ್ ತಲೆಗೆ ಟೆಫ್ಲಾನ್ ಮಿಶ್ರಣದ ಒಂದು ಬಟ್ಟಲಿನಾಕಾರದ ವಾಷರ್ ಕೂರಿಸಿರುತ್ತಾರೆ. ಅಂಗಡಿಗಳಲ್ಲಿ ಇದಕ್ಕೆ ಪಿಸ್ಟನ್ ಕಪ್ ಅಥವಾ ಕಪ್ ವಾಷರ್ ಎನ್ನುತ್ತಾರೆ. ಈ ಕಪ್ ಓಡಾಡುವ ಅಲ್ಯುಮಿನಿಯಂ ಕೊಳವೆಗೆ ಸ್ಲೀವ್ ಎನ್ನುತ್ತಾರೆ; ಅದರ ಒಳಮೈಗೆ ತೆಳುವಾದ, ಗಟ್ಟಿಯಾದ ಆನೋಡೈಸ್ ಪದರ, ಅಂದರೆ ಅಲ್ಯುಮಿನಿಯಂ ಮೇಲೆಯೇ ಬೆಳೆಸಿದ ಆಕ್ಸೈಡ್ ಪೊರೆ, ಇರುತ್ತದೆ. ಹೊಸ ಯಂತ್ರ ಮೊದಲ ಸಲ ಓಡುವಾಗ ಕಪ್ಪಿನಿಂದ ಟೆಫ್ಲಾನ್ ಅತಿ ಸಣ್ಣ ಪ್ರಮಾಣದಲ್ಲಿ ಉದುರಿ ಸ್ಲೀವ್‌ನ ಗೋಡೆಗೆ ಲೇಪವಾಗುತ್ತದೆ, ಆಮೇಲೆ ಟೆಫ್ಲಾನ್ ಮೇಲೆ ಟೆಫ್ಲಾನ್ ಜಾರುತ್ತದೆ. ಕಣ್ಣಿಗೆ ಕಾಣದ ಆ ಲೇಪವೇ ಈ ಯಂತ್ರದ ಎಣ್ಣೆ.

ಅಲ್ಲಿಗೆ ನಿಜವಾದ ಎಣ್ಣೆ ಬಿದ್ದರೆ ಮೂರು ಅನಾಹುತಗಳಾಗುತ್ತವೆ. ಎಣ್ಣೆ ಆ ಲೇಪ ಗೋಡೆಗೆ ಹಿಡಿಯಲು ಬಿಡುವುದಿಲ್ಲ. ಗಾಳಿಯೊಡನೆ ಬರುವ ಧೂಳು ಎಣ್ಣೆಗೆ ಅಂಟಿ, ವಾಲ್ವ್ ಅರೆಯಲು ಬಳಸುವ ಗ್ರೈಂಡಿಂಗ್ ಪೇಸ್ಟ್‌ನಂತಾಗಿ ಕಪ್ಪನ್ನೂ ಸ್ಲೀವನ್ನೂ ತೇಯುತ್ತದೆ. ಮೂರನೆಯದಾಗಿ, ಉಳಿದ ಎಣ್ಣೆ ಗಾಳಿಯೊಡನೆ ಟ್ಯಾಂಕಿಗೂ ಪೈಪಿಗೂ ಹೋಗಿ ಬಡಗಿಯ ಪಾಲಿಶ್ ಮೇಲೆ ಮೀನುಕಣ್ಣಿನಂಥ ಕಲೆ ಎಬ್ಬಿಸುತ್ತದೆ. ಕ್ಲಿನಿಕ್ಕಿನಲ್ಲಾದರೆ ರೋಗಿಯ ಬಾಯೊಳಗಿನ ಹಲ್ಲಿನ ಮೇಲೆಯೇ ಬೀಳುತ್ತದೆ, ಅಲ್ಲಿ ಫಿಲ್ಲಿಂಗ್ ಅಂಟದೆ ಕೈಕೊಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳೂ ಇದೇ ಸಾಲಿಗೆ ಸೇರುತ್ತವೆ. ಫಿಲ್ಟರ್ ಬಾಯಿಗೆ ಅದನ್ನು ಹೊಡೆದರೆ ಸದ್ದು ಎರಡು ದಿನ ಕಡಿಮೆಯಾಗುತ್ತದೆ, ಮೂರನೆಯ ದಿನ ಯಂತ್ರ ನನ್ನ ಅಂಗಡಿಗೆ ಬರುತ್ತದೆ.

ಹಾಗಾದರೆ ಎಣ್ಣೆ, ಗ್ರೀಸ್ ಎಲ್ಲೆಲ್ಲಿ?

ಬೇರಿಂಗುಗಳಿಗೆ ಗ್ರೀಸ್ ಉಂಟು, ಆದರೆ ಅದು ಎರಡೂ ಬದಿ ರಬ್ಬರ್ ಮುಚ್ಚಿದ ಬೇರಿಂಗಿನ ಒಳಗೆ ಕಾರ್ಖಾನೆಯಲ್ಲೇ ತುಂಬಿ ಬಂದಿರುತ್ತದೆ. ಹೊರಗಿನಿಂದ ಬಿಟ್ಟ ಎಣ್ಣೆ ಸೀಲಿನ ಅಂಚಿನಿಂದ ಒಳಗಿಳಿದು ಆ ಗ್ರೀಸನ್ನು ತೆಳುಮಾಡಿ ಹೊರಗೆ ಹರಿಸುತ್ತದೆಯೇ ಹೊರತು ಬೇರಿಂಗಿಗೆ ಉಪಕಾರ ಮಾಡುವುದಿಲ್ಲ. ಗುಂಯ್ ಎಂಬ ಸದ್ದು ಗರಗರ ಎಂಬುದಕ್ಕೆ ತಿರುಗಿದರೆ ಬೇರಿಂಗ್ ಬದಲಿಸಬೇಕು. ಹಳೆಯದರ ಮೈಮೇಲಿರುವ ಸಂಖ್ಯೆಯನ್ನು ಪೂರ್ತಿ ಬರೆದುಕೊಂಡು, ಕೊನೆಯಲ್ಲಿ ಸಿ3 ಎಂದಿದ್ದರೆ ಅದನ್ನೂ ಬಿಡದೆ, ಅದೇ ಸಂಖ್ಯೆಯದನ್ನು ತನ್ನಿ. ಸಿ3 ಎಂದರೆ ಬಿಸಿಗೆ ಹಿಗ್ಗಲು ಒಳಗೆ ತುಸು ಹೆಚ್ಚು ಸಡಿಲ ಬಿಟ್ಟದ್ದು ಎಂದರ್ಥ.

ಗ್ರೀಸ್ ಬಳಸಬಹುದಾದ ಇನ್ನೊಂದು ಜಾಗ ಓ-ರಿಂಗ್, ಅಂದರೆ ಗಾಳಿ ಸೋರದಂತೆ ಜಾಯಿಂಟಿಗೆ ಹಾಕುವ ರಬ್ಬರ್ ಉಂಗುರ. ಜೋಡಿಸುವಾಗ ಅದು ತಿರುಚಿಕೊಳ್ಳದಿರಲೆಂದು ಬೆರಳ ತುದಿಗೆ ಹತ್ತಿದಷ್ಟು ಸಿಲಿಕೋನ್ ಗ್ರೀಸ್ ಸವರಬಹುದು. ಪೇಂಟಿಂಗ್ ಕೆಲಸದವರು ಅದನ್ನೂ ಬಿಡುವುದೇ ಲೇಸು, ಏಕೆಂದರೆ ಮೀನುಕಣ್ಣಿನ ಕಲೆಗೆ ಸಿಲಿಕೋನ್‌ಗಿಂತ ದೊಡ್ಡ ಕಾರಣ ಇಲ್ಲ. ಚಕ್ರಗಳಿರುವ ಮಾದರಿಯಾದರೆ ಅವುಗಳ ಅಚ್ಚಿಗೆ ಯಾವ ಎಣ್ಣೆಯಾದರೂ ಆದೀತು. ಗಾಳಿಯಿಂದ ತಿರುಗುವ ಉಪಕರಣಗಳ ಮಾತೇ ಬೇರೆ: ನಟ್ ಬಿಚ್ಚುವ ಗನ್ನಿಗೆ ದಿನದ ಕೆಲಸಕ್ಕೆ ಮುನ್ನ ಅದರ ಗಾಳಿಬಾಯಿಗೆ ಕೆಲವು ಹನಿ ಏರ್‌ಟೂಲ್ ಎಣ್ಣೆ ಬೇಕೇ ಬೇಕು, ದಂತವೈದ್ಯರು ಹಲ್ಲು ಕೊರೆಯುವ ಹ್ಯಾಂಡ್‌ಪೀಸ್‌ಗೆ ಅದರದೇ ಎಣ್ಣೆಯನ್ನು ಅದರದೇ ಕ್ರಮದಲ್ಲಿ ಹಾಕಬೇಕು. ಎಣ್ಣೆ ಬೇಡುವುದು ಆ ಉಪಕರಣ. ಅದರ ಪಾಲನ್ನು ಕಂಪ್ರೆಸರಿನ ಬಾಯಿಗೆ ಹಾಕಿ, ಗಾಳಿಯೊಡನೆ ಅಲ್ಲಿಗೆ ತಲುಪಲಿ ಎಂದುಕೊಳ್ಳಬಾರದು.

ಧೂಳು

ಒಣ ಕಪ್ಪಿಗೆ ಧೂಳೇ ಶತ್ರು, ನಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಆಷಾಢದ ಗಾಳಿ ಚಿತ್ರದುರ್ಗದ ಬಯಲಲ್ಲಿ ಮಣ್ಣೆಬ್ಬಿಸಿದರೆ, ಮೆಕ್ಕೆಜೋಳ ಒಕ್ಕುವ ತಿಂಗಳುಗಳಲ್ಲಿ ದಾವಣಗೆರೆಯ ಸುತ್ತ ಹೊಟ್ಟಿನ ಪುಡಿ ತೇಲುತ್ತದೆ; ಮಂಡಕ್ಕಿ ಭಟ್ಟಿಗಳ ಆಸುಪಾಸಿನವರಿಗೆ ವರ್ಷವಿಡೀ ಮಸಿ. ಭಟ್ಟಿಯ ಬೀದಿಯಲ್ಲಿದ್ದ ಒಂದು ವರ್ಕ್‌ಶಾಪಿನ ಫಿಲ್ಟರ್ ಬಿಚ್ಚಿದಾಗ ಒಳಗಿನ ಸ್ಪಂಜು ಯಾವ ಬಣ್ಣದ್ದೆಂದು ತಿಳಿಯಲು ತೊಳೆಯಬೇಕಾಯಿತು. ಆದ್ದರಿಂದ ಕೈಪಿಡಿಯಲ್ಲಿ ಫಿಲ್ಟರಿಗೆ ಯಾವ ಅವಧಿ ಬರೆದಿದ್ದರೂ, ನೀವು ವಾರಕ್ಕೊಮ್ಮೆ ಬಿಚ್ಚಿ ನೋಡಿ.

ಫಿಲ್ಟರ್ ತೆಗೆಯುವ ಮುನ್ನ ಪ್ಲಗ್ ಕೀಳಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ಹಿಸುಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಬೈಕಿನ ಫಿಲ್ಟರಿಗೆ ಮಾಡುವಂತೆ ಎಣ್ಣೆಯಲ್ಲಿ ಅದ್ದಬೇಡಿ. ಕಾಗದದ್ದನ್ನು ತೊಳೆಯುವಂತಿಲ್ಲ, ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಹೊಡೆದು ಒಂದೆರಡು ಸಲ ಬಳಸಬಹುದು, ಬಳಿಕ ಬದಲಿಸಬೇಕು. ಫಿಲ್ಟರ್ ತೊಳೆದು ಒಣಗಲು ಹಾಕಿದ ಹೊತ್ತಿನಲ್ಲಿ "ಅರ್ಧ ಗಂಟೆ ತಾನೇ" ಎಂದು ಬರಿಬಾಯಲ್ಲಿ ಯಂತ್ರ ಓಡಿಸಬಾರದು. ಒಂದು ಹೆಚ್ಚುವರಿ ಸ್ಪಂಜು ಇಟ್ಟುಕೊಂಡರೆ ಆ ಆಸೆಯೇ ಹುಟ್ಟುವುದಿಲ್ಲ. ಮರಗೆಲಸದ ಜಾಗದಲ್ಲಿ ಕಂಪ್ರೆಸರನ್ನು ಗೋಡೆಯಾಚೆ ಇಟ್ಟು ಗಾಳಿಯ ಪೈಪನ್ನಷ್ಟೇ ಒಳಗೆ ತರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ನೀರು

"ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿಯೇ ಒಣಗಿರುತ್ತದೆ, ಟ್ಯಾಂಕಿಗೆ ನೀರು ಎಲ್ಲಿಂದ ಬರಬೇಕು?" ಎಂದು ಕೇಳುವವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಮಳೆಗಾಲದಲ್ಲಿ ತೇವಾಂಶ ಶೇಕಡಾ 70 ಇದ್ದರೆ ಅದರಲ್ಲಿ 21 ಗ್ರಾಂ ಇರುತ್ತದೆ. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆಯುವ ಕಂಪ್ರೆಸರ್ ಒಟ್ಟು ಒಂದು ಗಂಟೆ ಓಡಿದರೆ 6 ಘನಮೀಟರ್ ಗಾಳಿ ಒಳಗೆ ಹೋಗುತ್ತದೆ, ಅದರೊಂದಿಗೆ 126 ಗ್ರಾಂ ನೀರೂ ಹೋಗುತ್ತದೆ. 8 ಬಾರ್ ಒತ್ತಡಕ್ಕೆ ಗಾಳಿ ಸುಮಾರು 9 ಪಟ್ಟು ಕುಗ್ಗುವುದರಿಂದ, ಅದು ಮತ್ತೆ 30 ಡಿಗ್ರಿಗೆ ತಣಿದಾಗ 20 ಗ್ರಾಮಿನಷ್ಟನ್ನು ಮಾತ್ರ ಆವಿಯಾಗಿ ಹಿಡಿದುಕೊಳ್ಳುತ್ತದೆ. ಉಳಿದ 100 ಗ್ರಾಮಿಗೂ ಮಿಕ್ಕಿದ ನೀರು, ಅಂದರೆ ಒಂದು ಚಹಾ ಲೋಟದಷ್ಟು, ಟ್ಯಾಂಕಿನ ತಳ ಸೇರುತ್ತದೆ. ಇದೇ ಲೆಕ್ಕವನ್ನು 38 ಡಿಗ್ರಿ ಬಿಸಿಲು, ಶೇಕಡಾ 25 ತೇವಾಂಶದ ಏಪ್ರಿಲ್ ಮಧ್ಯಾಹ್ನಕ್ಕೆ ಹಾಕಿದರೂ 35 ಗ್ರಾಮಿಗಿಂತ ಹೆಚ್ಚೇ ನೀರು ಇಳಿಯುತ್ತದೆ.

ಎಣ್ಣೆ ಕಂಪ್ರೆಸರಿನ ಟ್ಯಾಂಕಿನ ಒಳಮೈಗೆ ತೇಲಿ ಬಂದ ಎಣ್ಣೆಯ ಪೊರೆಯಾದರೂ ಇರುತ್ತದೆ. ನಮ್ಮದಕ್ಕೆ ಅದೂ ಇಲ್ಲವಾದ್ದರಿಂದ, ಒಳಗೆ ಬಣ್ಣ ಬಳಿಯದ ಟ್ಯಾಂಕಾದರೆ ತುಕ್ಕು ಬೇಗ ಹಿಡಿಯುತ್ತದೆ. ದಿನದ ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಒತ್ತಡವನ್ನು 1-2 ಬಾರ್‌ಗೆ ಇಳಿಸಿ, ಕೆಳಗಿನ ಡ್ರೈನ್ ಕಾಕನ್ನು (ನೀರು ಬಿಡುವ ನಲ್ಲಿ) ನಿಧಾನವಾಗಿ ತಿರುಗಿಸಿ. ಕಾಕ್ ಇರುವ ಕಡೆಗೆ ಟ್ಯಾಂಕನ್ನು ತುಸು ಓರೆಮಾಡಿದರೆ ಮೂಲೆಯ ನೀರೂ ಬರುತ್ತದೆ. ಗಾಳಿ ಪೂರ್ತಿ ಹೋದ ಮೇಲೂ ಕಾಕನ್ನು ರಾತ್ರಿ ತೆರೆದೇ ಬಿಡುವುದು ನನ್ನ ಪದ್ಧತಿ. ಹೊರಬರುವ ನೀರಿನ ಬಣ್ಣ ನೋಡಿ: ತಿಳಿಯಾಗಿದ್ದರೆ ಚಿಂತೆಯಿಲ್ಲ, ಕೆಂಪಗಿದ್ದು ಅದರಲ್ಲಿ ತುಕ್ಕಿನ ಚಕ್ಕೆ ಕಂಡರೆ ಟ್ಯಾಂಕಿನ ವಿಚಾರ ಮಾಡುವ ಕಾಲ ಬಂದಿದೆ.

ಬಿಸಿ ಮತ್ತು ಕರೆಂಟು

ಕಪ್ ಬೇಗ ಸವೆಯಲು ಧೂಳಿನ ನಂತರದ ಕಾರಣ ಬಿಸಿ. ಸಣ್ಣ ಯಂತ್ರಗಳಲ್ಲಿ ಹಲವು ಅರ್ಧ ಹೊತ್ತು ಓಟ, ಅರ್ಧ ಹೊತ್ತು ವಿರಾಮ ಎಂಬ ಲೆಕ್ಕದಲ್ಲಿ ತಯಾರಾಗಿರುತ್ತವೆ, ನಿಮ್ಮದರ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಟ್ಯಾಂಕ್ ತುಂಬಿ ತಾನೇ ನಿಲ್ಲದೆ (ಕಟ್‌ಆಫ್ ಆಗದೆ) ಒಂದೇ ಸಮನೆ ಓಡುತ್ತಿದ್ದರೆ ನಿಮ್ಮ ಕೆಲಸಕ್ಕೆ ಯಂತ್ರ ಚಿಕ್ಕದಾಗಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಸದ್ದು ಕೇಳಬಾರದೆಂದು ಪ್ಲೈವುಡ್ ಪೆಟ್ಟಿಗೆಯೊಳಗೆ ಕೂರಿಸುವ ಕ್ಲಿನಿಕ್‌ಗಳಿವೆ. ಪೆಟ್ಟಿಗೆಗೆ ತಳದಲ್ಲಿ ಗಾಳಿ ಒಳಬರುವ ಕಿಂಡಿ, ಮೇಲೆ ಎಗ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಅದು ಯಂತ್ರವನ್ನು ಹಬೆಯಲ್ಲಿ ಬೇಯಿಸಿದಂತೆ.

ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಇಂಥ ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ಇರಬೇಕಾದಲ್ಲಿ 180 ಬಂದರೆ ಬಲ ಶೇಕಡಾ 60ರಷ್ಟಕ್ಕೆ ಕುಸಿಯುತ್ತದೆ. ಮೋಟಾರ್ ಏಳಲಾರದೆ ಗುಂಯ್‌ಗುಡುತ್ತಾ ಸುಡುತ್ತದೆ. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಮಾಡುವುದೂ ಇದನ್ನೇ. ದೂರದ ಕೆಲಸಕ್ಕೆ ವೈರ್ ಉದ್ದಮಾಡುವ ಬದಲು ಗಾಳಿಯ ಪೈಪ್ ಉದ್ದಮಾಡಿ. ವೈರ್ ಅನಿವಾರ್ಯವಾದರೆ 2.5 ಚದರ ಮಿಲಿಮೀಟರಿನದನ್ನು ಬಳಸಿ.

ಯಂತ್ರದ ನಾಡಿ ನೋಡುವುದು

ಹೊಸ ಯಂತ್ರ ಬಂದ ದಿನವೇ ಒಂದು ಪುಟ್ಟ ಪುಸ್ತಕ ತೆರೆಯಿರಿ. ಖಾಲಿ ಟ್ಯಾಂಕ್, ಹೊರಹೋಗುವ ವಾಲ್ವ್ ಬಂದ್. ಸ್ವಿಚ್ ಹಾಕಿದಾಗಿನಿಂದ ತಾನೇ ನಿಲ್ಲುವವರೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದಿಡಿ. ಡಬ್ಬದ ಮೇಲಿನ ಲೆಕ್ಕಕ್ಕಿಂತ ಇದು ತುಸು ಹೆಚ್ಚೇ ಬರುತ್ತದೆ, ಗಾಬರಿ ಬೇಡ: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700 ಮೀಟರಿಗೂ ಮೇಲಿದ್ದು, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇಕಡಾ 7ರಿಂದ 8ರಷ್ಟು ತೆಳು. ನಿಮ್ಮದೇ ಮೊದಲ ದಿನದ ಅಂಕಿಯನ್ನು ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಮೊದಲು 150 ಸೆಕೆಂಡಿಗೆ ತುಂಬುತ್ತಿದ್ದದ್ದು 200 ತೆಗೆದುಕೊಳ್ಳುತ್ತಿದ್ದರೆ ಫಿಲ್ಟರ್, ಸೋರಿಕೆ, ವಾಲ್ವ್, ಕಪ್ ಎಂಬ ಕ್ರಮದಲ್ಲಿ ಹುಡುಕಿ. ಅಗ್ಗದ ತಪ್ಪಿನಿಂದ ದುಬಾರಿಯದರ ಕಡೆಗೆ ಹೋಗುವುದು ಜಾಣತನ.

ಸೋರಿಕೆಗೆ ಟ್ಯಾಂಕ್ ತುಂಬಿಸಿ, ಪ್ಲಗ್ ಕಿತ್ತು, ಗೇಜಿನ ಮುಳ್ಳು ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ನೋಡಿ, ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದ ಜಾಗದಲ್ಲಿ ಗಾಳಿ ಪೂರ್ತಿ ಬಿಟ್ಟ ನಂತರ ಮಾತ್ರ ಬಿಚ್ಚಿ, ಟೆಫ್ಲಾನ್ ಟೇಪನ್ನು ಎಳೆ ತಿರುಗುವ ದಿಕ್ಕಿಗೇ ಸುತ್ತಿ ಬಿಗಿಯಿರಿ. ಮೋಟಾರ್ ನಿಂತ ಕ್ಷಣ ಪ್ರೆಷರ್ ಸ್ವಿಚ್ಚಿನಿಂದ (ಒತ್ತಡ ತುಂಬಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್) ಬರುವ ಚಿಕ್ಕ 'ಫುಸ್' ಸಹಜವಾದದ್ದು. ಮುಂದಿನ ಸಲ ಹಗುರಾಗಿ ಏಳಲೆಂದು ಹೆಡ್ಡಿನ ಮೇಲಿನ ಒತ್ತಡವನ್ನು ಅದು ಬಿಡುತ್ತಿರುತ್ತದೆ. ಆ ಸದ್ದು ನಿಲ್ಲದೆ ಮುಂದುವರಿದರೆ ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ, ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ತಿಳಿಯಿರಿ. ಅದನ್ನು ಬಿಚ್ಚಿ ಒಳಗಿನ ರಬ್ಬರ್ ತುಂಡನ್ನು ಒರೆಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಆ ಫುಸ್ ಬರದೇ ಇದ್ದು ಮೋಟಾರ್ ಗುಂಯ್‌ಗುಟ್ಟಿ ನಿಲ್ಲುತ್ತಿದ್ದರೆ ಒತ್ತಡ ಬಿಡುವ ಆ ಸಣ್ಣ ವಾಲ್ವೇ ಸಿಕ್ಕಿಕೊಂಡಿರಬಹುದು. ಖಾಲಿ ಟ್ಯಾಂಕಿನಲ್ಲೂ, ವೋಲ್ಟೇಜ್ ಸರಿಯಿದ್ದೂ ಏಳದಿದ್ದರೆ ಮೋಟಾರ್ ಏಳಲು ನೆರವಾಗುವ ಕೆಪಾಸಿಟರ್ ನೋಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಎರಡೂ ತುದಿಗೆ ಬಲ್ಬ್ ಹಾಕಿದ ಹೋಲ್ಡರಿನ ವೈರ್ ಮುಟ್ಟಿಸಿ ಖಾಲಿಮಾಡದೆ ಕೈ ಹಾಕಬೇಡಿ.

ಪಿಸ್ಟನ್ ಕಪ್ ಬದಲಿಸುವ ಕ್ರಮ

ಇದು ಮನೆಯಲ್ಲೇ ಮಾಡಬಹುದಾದ ಕೆಲಸ, ಆದರೆ ಅವಸರದ್ದಲ್ಲ. ಪ್ಲಗ್ ಕಿತ್ತು, ಟ್ಯಾಂಕ್ ಖಾಲಿಮಾಡಿ, ಹೆಡ್ ತಣ್ಣಗಾಗುವವರೆಗೆ ಕಾಯಿರಿ. ಹೊರಹೋಗುವ ತಾಮ್ರದ ಕೊಳವೆ ಕೈ ಸುಡುವಷ್ಟು ಬಿಸಿಯಿರುತ್ತದೆ. ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ, ಕೈ ತೊಳೆದು ಒಣಗಿಸಿಕೊಳ್ಳಿ. ಎರಡು ಹೆಡ್ ಇದ್ದರೆ ಒಂದನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ, ಒಂದರ ಸ್ಲೀವ್ ಮತ್ತೊಂದಕ್ಕೆ ಹೋಗಬಾರದು.

ಹೆಡ್, ವಾಲ್ವ್ ಪ್ಲೇಟ್, ಸಿಲಿಂಡರ್ ಮೂರರ ಅಂಚಿಗೂ ತಾಗುವಂತೆ ಮಾರ್ಕರಿನಿಂದ ಒಂದು ಗೆರೆ ಎಳೆದರೆ ಮತ್ತೆ ಜೋಡಿಸುವಾಗ ದಿಕ್ಕು ತಪ್ಪುವುದಿಲ್ಲ. ಆಲನ್ ಕೀಯಿಂದ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎತ್ತಿ. ವಾಲ್ವ್ ಪ್ಲೇಟಿನ ಮೇಲೆ ತೆಳುವಾದ ಸ್ಟೀಲ್ ನಾಲಿಗೆಗಳಿರುತ್ತವೆ. ಅವು ಪ್ಲೇಟಿಗೆ ಒತ್ತಿ ಕೂತಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಬಿರುಕಿದ್ದರೆ ಬದಲಿಸಿ, ಧೂಳಿದ್ದರೆ ಒಣಬಟ್ಟೆಯಿಂದ ಒರೆಸಿ. ಮರಳು ಕಾಗದ ಹಾಕುವುದು ಬೇಡ.

ಸ್ಲೀವನ್ನು ಮೇಲೆತ್ತಿ ತೆಗೆದು ಒಳಮೈಗೆ ಉಗುರಿನಿಂದ ಅಡ್ಡ ಗೀರಿ. ನುಣುಪಾಗಿದ್ದು ಬೂದು ಬಣ್ಣದ ಪೊರೆ ಕಂಡರೆ ಅದು ಟೆಫ್ಲಾನ್ ಲೇಪ, ಒಳ್ಳೆಯ ಲಕ್ಷಣ. ಉಗುರಿಗೆ ಗೆರೆ ಸಿಕ್ಕಿದರೆ, ಇಲ್ಲವೇ ಆನೋಡೈಸ್ ಪದರ ಹೋಗಿ ಬಿಳಿ ಅಲ್ಯುಮಿನಿಯಂ ಹೊಳೆಯುತ್ತಿದ್ದರೆ ಸ್ಲೀವ್ ಸಹಿತ ಬದಲಿಸಿ. ಹಳೆಯ ಗೀರಿದ ಸ್ಲೀವಿಗೆ ಹೊಸ ಕಪ್ ಹಾಕುವುದು ಹಣ ಚೆಲ್ಲಿದ ಹಾಗೆ. ಯಾರಾದರೂ ಎಣ್ಣೆ ಬಿಟ್ಟ ಯಂತ್ರವಾದರೆ ಸ್ಲೀವ್, ವಾಲ್ವ್ ಪ್ಲೇಟ್, ಹೆಡ್ ಮೂರನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಬಟ್ಟೆಗೆ ಜಿಡ್ಡು ಹತ್ತದಾಗುವವರೆಗೆ ಒರೆಸಿ, ಒಣಗಲು ಬಿಡಿ. ಪೆಟ್ರೋಲ್, ಡೀಸೆಲ್ ಬೇಡವೇ ಬೇಡ.

ಕಪ್ಪನ್ನು ಹಿಡಿದಿರುವ ಸ್ಕ್ರೂ ಸಡಿಲವಾಗದಂತೆ ಅಂಟು ಹಾಕಿರುತ್ತಾರೆ. ಸರಿಯಾದ ಅಳತೆಯ ಕೀ ಇಲ್ಲದೆ ಬಲ ಹಾಕಿದರೆ ಅದರ ತಲೆ ಸವೆದು, ಆಮೇಲೆ ಡ್ರಿಲ್ ಮಾಡುವ ಗತಿ ಬರುತ್ತದೆ. ಹೊಸ ಕಪ್ಪನ್ನು ಬಟ್ಟಲಿನ ಬಾಯಿ ಹೆಡ್ ಕಡೆಗಿರುವಂತೆ ಕೂರಿಸಿ. ತಿರುವುಮುರುವಾದರೆ ಯಂತ್ರ ಓಡುತ್ತದೆ, ಗಾಳಿ ಮಾತ್ರ ತುಂಬುವುದಿಲ್ಲ. ಸ್ಕ್ರೂವಿಗೆ ಒಂದೇ ಹನಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಹಾಕಿ ಬಿಗಿದು, ಸ್ಲೀವ್‌ನ ಓರೆ ಕತ್ತರಿಸಿದ ಅಂಚಿನ ಕಡೆಯಿಂದ ಕಪ್ಪಿನ ತುಟಿ ಮಡಚದಂತೆ ಬೆರಳಿನಿಂದ ಸುತ್ತಲೂ ಒತ್ತುತ್ತಾ, ತುಸು ತಿರುಗಿಸುತ್ತಾ ಒಳಗೆ ಸೇರಿಸಿ. ಜಾರಲೆಂದು ಎಂಜಲನ್ನೂ ಹಚ್ಚಬೇಡಿ, ಒಣಗಿಯೇ ಹೋಗಬೇಕು. ಹೆಡ್ ಬೋಲ್ಟುಗಳನ್ನು ಬಿಗಿಯುವುದೂ ಎದುರುಬದುರಾಗಿಯೇ, ಎರಡು ಮೂರು ಸುತ್ತಿನಲ್ಲಿ. ನಂತರ ಫ್ಯಾನನ್ನು ಕೈಯಿಂದ ತಿರುಗಿಸಿ ಎಲ್ಲಿಯೂ ತಡೆಯುತ್ತಿಲ್ಲ ಎಂದು ನೋಡಿಕೊಳ್ಳಿ.

ಹೊಸ ಲೇಪ ಕೂರಲು ಅವಕಾಶ ಕೊಡುವ ಹಂತವನ್ನು ಹೆಚ್ಚಿನವರು ಮರೆಯುತ್ತಾರೆ. ಡ್ರೈನ್ ಕಾಕನ್ನು ಪೂರ್ತಿ ತೆರೆದಿಟ್ಟು, ಟ್ಯಾಂಕಿನಲ್ಲಿ ಒತ್ತಡ ಏರದಂತೆ, 15ರಿಂದ 30 ನಿಮಿಷ ಯಂತ್ರವನ್ನು ಬರಿದೇ ಓಡಿಸಿ. ಅದು ತಣಿದ ಮೇಲೆ ಕಾಕ್ ಮುಚ್ಚಿ ತುಂಬಿಸಿ, ಹಿಡಿದ ಸಮಯವನ್ನು ಪುಸ್ತಕದಲ್ಲಿ ಹೊಸ ಮೊದಲ ಅಂಕಿಯಾಗಿ ಬರೆಯಿರಿ.

ಟ್ಯಾಂಕು

ತಿಂಗಳಿಗೊಮ್ಮೆ ಕನ್ನಡಕ ಹಾಕಿಕೊಂಡು ಸೇಫ್ಟಿ ವಾಲ್ವಿನ ಉಂಗುರವನ್ನು ಎಳೆದು ಬಿಡಿ. ಗಾಳಿ ಜೋರಾಗಿ ಹೊರಬಂದು, ಬಿಟ್ಟ ಕೂಡಲೇ ನಿಲ್ಲಬೇಕು. ಸೋರುತ್ತಿದೆಯೆಂದು ಅದರ ಜಾಗಕ್ಕೆ ಪ್ಲಗ್ ಬಡಿದ ಯಂತ್ರವೊಂದನ್ನು ನಾನು ಹರಿಹರದ ಕಡೆ ಕಂಡಿದ್ದೇನೆ, ಅದರ ಪಕ್ಕದಲ್ಲೇ ಇಬ್ಬರು ಹುಡುಗರು ಊಟಕ್ಕೆ ಕುಳಿತಿದ್ದರು. ಪ್ರೆಷರ್ ಸ್ವಿಚ್ಚಿನ ಸ್ಕ್ರೂ ತಿರುಗಿಸಿ ಬರೆದಿರುವುದಕ್ಕಿಂತ ಹೆಚ್ಚು ಒತ್ತಡಕ್ಕೆ ಏರಿಸುವುದೂ ಅದೇ ಜಾತಿಯ ಸಾಹಸ.

ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಷ್ಟು ತೂತಾಗಿ ಗಾಳಿ ಸೋರಿದರೆ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ, ಎಂ-ಸೀಲ್ ಮೆತ್ತಬೇಡಿ. ಒಂದು ಕಡೆ ತೂತು ಬಿದ್ದ ಹಾಳೆ ಸುತ್ತಲೂ ಕಾಗದದಂತೆ ತೆಳುವಾಗಿರುತ್ತದೆ. 8 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8 ಕಿಲೋ ಭಾರ. ಪಂಪನ್ನೂ ಮೋಟಾರನ್ನೂ ಬಿಚ್ಚಿ ಹೊಸ ಟ್ಯಾಂಕಿಗೆ ಕೂರಿಸಿಕೊಳ್ಳಿ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಕಾಕ್ ಬಿಚ್ಚಿ, ಒಳಗೆ ಗಾಳಿ ಇಲ್ಲವೆಂದು ಖಾತ್ರಿಮಾಡಿಕೊಂಡು, ಮೇಲ್ಭಾಗದಲ್ಲಿ ಹೆಬ್ಬೆರಳು ಹಿಡಿಯುವಷ್ಟು ದೊಡ್ಡ ತೂತು ಕೊರೆದೇ ಕಳುಹಿಸಿ. ಇಲ್ಲವಾದರೆ ಯಾರೋ ಅದಕ್ಕೆ ಬಣ್ಣ ಬಳಿದು, ಪಂಕ್ಚರ್ ಅಂಗಡಿಯೊಂದಕ್ಕೆ ಅಗ್ಗದಲ್ಲಿ ಮಾರುತ್ತಾರೆ.